ಒಂದೇ ಹಾಳೆ, ನಾಲ್ಕು ದನಿ

ಬ್ರಿಟನ್ನಿನ ವೃಂದಗಾನವನ್ನು ಮೆಚ್ಚುವವರು ಮೊದಲು ಕಂಠಗಳನ್ನು ಹೊಗಳುತ್ತಾರೆ: ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಹುಡುಗರ ಎಳೆದನಿ, 1836ರಲ್ಲಿ ಹುಟ್ಟಿದ ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿಯ ತುಂಬುದನಿ. ಕಂಠ ಎಲ್ಲ ದೇಶದಲ್ಲೂ ಇದೆ. ಸಂಗೀತವೇ ಕಸುಬಲ್ಲದ ಗುಮಾಸ್ತರು, ಗಿರಣಿ ಕೆಲಸಗಾರರು, ಶಾಲಾ ಶಿಕ್ಷಕಿಯರು ಸಂಜೆ ಒಂದೆಡೆ ಸೇರಿ ಹ್ಯಾಂಡೆಲ್‌ನ 'ಮೆಸೈಯಾ'ವನ್ನು ಹಾಡಿ ಮುಗಿಸುವ ಬಲ ಆ ನಾಡಿಗೆ ಬಂದದ್ದು ಅಗ್ಗದ ಅಚ್ಚಿನ ಹಾಳೆಯಿಂದ. ಆದ್ದರಿಂದ ಈ ಪದ್ಧತಿಯನ್ನು ಅಳೆಯುವುದಾದರೆ ಹಾಳೆಯಿಂದಲೇ ಅಳೆಯಬೇಕು.

ನಮ್ಮ ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಮುಂದಾಳು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದರೆ ಸಾಕು, ಪುಸ್ತಕ ಬೇಕೆನಿಸುವುದು ಸಾಹಿತ್ಯ ಮರೆತಾಗ ಮಾತ್ರ. ಬ್ರಿಟಿಷ್ ಕಾಯರ್‌ನಲ್ಲಿ ಸೋಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಗುಂಪುಗಳು ಒಂದೇ ಹೊತ್ತಿಗೆ ನಾಲ್ಕು ಬೇರೆ ಧಾಟಿಗಳನ್ನು ಹಾಡುತ್ತವೆ. ಪಕ್ಕದವನನ್ನು ಅನುಕರಿಸಿದರೆ ಹಾಡು ಕೆಟ್ಟಿತು. ಅವನನ್ನು ಕೇಳಿಸಿಕೊಳ್ಳದಿದ್ದರೂ ಕೆಟ್ಟಿತು. ತನ್ನ ದಾರಿ ಬಿಡದೆ ಇನ್ನೊಬ್ಬರ ದನಿಗೆ ಕಿವಿಗೊಡುವ ಈ ಬಿಗಿಯೇ ವೃಂದಗಾನದ ಸುಖ. ಹಾಗಾಗಿ ಹಾಳೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಹಾಡುವವನಿಗೆ ಅದು ಉಳಿದವರನ್ನು ಎಷ್ಟರಮಟ್ಟಿಗೆ ಕಾಣಿಸುತ್ತದೆ?

ಹದಿನಾರನೆಯ ಶತಮಾನದ ಹಾಳೆ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಆಗ ಒಂದೊಂದು ದನಿಗೂ ಒಂದೊಂದು ಪುಸ್ತಕ. ಟೆನರ್ ಹಾಡುವವನಿಗೆ ಟೆನರ್ ಸಾಲು ಮಾತ್ರ ಕಾಣುತ್ತಿತ್ತು. ಗಾಯಕ ಜಾನ್ ಬಾಲ್ಡ್ವಿನ್ ಕೈಯಾರೆ ನಕಲು ಮಾಡಿದ ಇಂಥ ಪುಸ್ತಕಗಳು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್‌ನಲ್ಲಿವೆ, ಟೆನರ್ ಪುಸ್ತಕ ಮಾತ್ರ ಕಳೆದುಹೋಗಿದೆ. ಬೇರೆಡೆ ಪ್ರತಿ ಸಿಗದ ಕೃತಿಗಳ ಟೆನರ್ ಸಾಲನ್ನು ಇಂದಿನ ವಿದ್ವಾಂಸರು ಊಹಿಸಿ ಬರೆಯಬೇಕಾಗಿದೆ. 1597ರಲ್ಲಿ ಜಾನ್ ಡೌಲೆಂಡ್ ತನ್ನ ಮೊದಲ ಗೀತಸಂಪುಟಕ್ಕೆ ಜಾಣ ಉಪಾಯ ಹುಡುಕಿದ. ಎದುರುಬದುರು ಪುಟಗಳಲ್ಲಿ ನಾಲ್ಕೂ ದನಿಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಅಚ್ಚುಹಾಕಿಸಿದ. ಒಂದೇ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಸುತ್ತ ಕುಳಿತವರೆಲ್ಲ ಹಾಡಬಹುದಿತ್ತು. ಆದರೆ ಇದು ಮೇಜು, ಲೂಟ್ ವಾದ್ಯ, ಬಿಡುವು ಎಲ್ಲವೂ ಇದ್ದ ಮನೆಗಳ ಮಾತು.

ಬಡವರ ಕೈಗೆ ಇಡೀ ಹಾಡನ್ನು ಕೊಟ್ಟ ಹೆಚ್ಚಿನ ಶ್ರೇಯ ನೊವೆಲ್ಲೊ ಪ್ರಕಾಶನಕ್ಕೆ ಸಲ್ಲಬೇಕು. 1811ರಲ್ಲಿ ವಿನ್ಸೆಂಟ್ ನೊವೆಲ್ಲೊ ಆರಂಭಿಸಿದ ಈ ಉದ್ಯಮ ಅವನ ಮಗ ಆಲ್ಫ್ರೆಡ್‌ನ ಕಾಲದಲ್ಲಿ ಮನೆಮಾತಾಯಿತು. 1846ರಲ್ಲಿ 'ಮೆಸೈಯಾ' ಆರು ಪೆನ್ನಿಯ ಮಾಸಿಕ ಕಂತುಗಳಾಗಿ ಹೊರಬರತೊಡಗಿತು. ನಾಲ್ಕು ದನಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಅಡಿಯಲ್ಲಿ ವಾದ್ಯಗಳ ಸಾರವನ್ನು ಎರಡು ಸಾಲಿಗೆ ಇಳಿಸಿದ ಚಿಕ್ಕ ಅಳತೆಯ ಪುಸ್ತಕ ಅದು. ಇದೇ ವೋಕಲ್ ಸ್ಕೋರ್. ಆಲ್ಫ್ರೆಡ್ ಅಷ್ಟಕ್ಕೇ ನಿಲ್ಲದೆ ಕಾಗದದ ಮೇಲಿನ ಸುಂಕದ ವಿರುದ್ಧವೂ ಹೋರಾಡಿದ. 1861ರಲ್ಲಿ ಆ ಸುಂಕ ರದ್ದಾಯಿತು. ಲಾಭ ಅವನಿಗೂ ಇತ್ತು, ನಿಜ. ವ್ಯಾಪಾರಿಯ ಲಾಭವೂ ಹಾಡುವವನ ಲಾಭವೂ ಒಂದೇ ಆಗಿದ್ದ ಅಪರೂಪದ ಗಳಿಗೆ ಅದು.

ಸ್ಕೋರ್ ಕೊಂಡವರಿಗೆಲ್ಲ ಓದಲು ಬರಬೇಕಲ್ಲ? ಅದಕ್ಕೆ ಉತ್ತರ ಕೊಟ್ಟವಳು ನಾರ್ವಿಚ್‌ನ ಸಾರಾ ಗ್ಲೋವರ್. ಅವಳು ರೂಪಿಸಿದ ಅಕ್ಷರಲಿಪಿಯನ್ನು ಪಾದ್ರಿ ಜಾನ್ ಕರ್ವೆನ್ ತಿದ್ದಿ ಟಾನಿಕ್ ಸೋಲ್‌ಫಾ ಎಂಬ ಚಳವಳಿಯನ್ನೇ ಮಾಡಿದ. ಅದರ 'ಡೊ' ನಮ್ಮ ಆಧಾರ ಷಡ್ಜದಂತೆ ಯಾವ ಶ್ರುತಿಯಲ್ಲಾದರೂ ನಿಲ್ಲಬಲ್ಲದು. ಸ್ವರಲಿಪಿ ಬಲ್ಲ ಕನ್ನಡಿಗನಿಗೆ ಐದು ಗೆರೆಗಳ ಬರಹಕ್ಕಿಂತ ಇದೇ ಸುಲಭ ಎನಿಸೀತು. ಮಾಮೂಲಿ ಅಚ್ಚುಮೊಳೆಗಳಲ್ಲೇ ಜೋಡಿಸಬಹುದಾದ್ದರಿಂದ ಬೆಲೆಯೂ ಕಡಿಮೆ. ಆಧಾರ ಸ್ವರ ಮತ್ತೆ ಮತ್ತೆ ಬದಲಾಗುವ ರಚನೆಗಳಲ್ಲಿ ಮಾತ್ರ ಈ ಲಿಪಿ ಸಿಕ್ಕುಸಿಕ್ಕಾಗುತ್ತದೆ.

ಹಾಳೆಯ ಮಿತಿಯನ್ನು ಬ್ರಿಟನ್ನಿನ ಇತಿಹಾಸವೇ ತೋರಿಸಿದೆ. 1900ರ ಅಕ್ಟೋಬರ್ 3ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲ್ಗರ್‌ನ 'ದಿ ಡ್ರೀಮ್ ಆಫ್ ಜೆರಾಂಟಿಯಸ್' ಮೊದಲ ಪ್ರದರ್ಶನದಲ್ಲಿ ಮುಗ್ಗರಿಸಿತು. ಕಾಯರ್ ಅನ್ನು ತಯಾರು ಮಾಡುತ್ತಿದ್ದ ಸ್ವಿನ್ನರ್ಟನ್ ಹೀಪ್ ತೀರಿಕೊಂಡಿದ್ದ, ಅಭ್ಯಾಸ ಸಾಲದಾಗಿತ್ತು. ಎಲ್ಲರ ಕೈಯಲ್ಲೂ ಸ್ಕೋರ್ ಇತ್ತು, ಹಾಡು ಮಾತ್ರ ಒಳಗಿಳಿದಿರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಶೆಫೀಲ್ಡ್‌ನ ವಾಯವ್ಯದ ಹಳ್ಳಿಗಳಲ್ಲಿದೆ. ಅಲ್ಲಿನ ಪಬ್‌ಗಳಲ್ಲಿ ನವೆಂಬರ್ ಮಧ್ಯದಿಂದ ಕ್ರಿಸ್‌ಮಸ್‌ವರೆಗೆ ಊರವರು ತಮ್ಮದೇ ಹಳೆಯ ಕ್ಯಾರಲ್‌ಗಳನ್ನು ಹೆಚ್ಚಾಗಿ ಬಾಯಿಪಾಠದಿಂದಲೇ ಹಾಡುತ್ತಾರೆ. ದನಿಗಳ ನಯದಲ್ಲಿ ಇವರು ಕಿಂಗ್ಸ್ ಕಾಲೇಜಿಗೆ ಸಮನಲ್ಲ. ಆದರೆ ತಲೆ ತಗ್ಗಿಸಿ ಪುಟ ಮಗುಚುವ ಎಷ್ಟೋ ಸೊಸೈಟಿಗಳಲ್ಲಿ ಕಾಣದ ಬಿಸುಪು ಇಲ್ಲಿದೆ. ಈ ಕ್ಯಾರಲ್‌ಗಳಲ್ಲೂ ಹಲವು ಹಿಂದೆ ಅಚ್ಚಿನಲ್ಲಿ, ಕೈಬರಹದಲ್ಲಿ ಓಡಾಡಿದವೇ. ಹಾಳೆ ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿದಿದೆ. ಒಳ್ಳೆಯ ಹಾಳೆ ಮಾಡಬೇಕಾದ್ದೂ ಇದನ್ನೇ.

ಇಂದು ಹಂಚಿಕೆಯ ಹಾದಿ ಬದಲಾಗಿದೆ. 1998ರಲ್ಲಿ ಆರಂಭವಾದ ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ ಎಂಬ ಜಾಲತಾಣದಲ್ಲಿ ಟ್ಯಾಲಿಸ್, ಬರ್ಡ್, ಮಾರ್ಲೆಯಂಥವರ ರಚನೆಗಳನ್ನು ಹವ್ಯಾಸಿಗಳು ತಾವೇ ಹೊಸದಾಗಿ ಬರೆದು ಉಚಿತವಾಗಿ ಇಡುತ್ತಾರೆ. ಬೆಂಗಳೂರಿನ ಪುಟ್ಟ ಕಾಯರ್ ಒಂದು ಲಂಡನ್ನಿನ ಅಂಗಡಿಯನ್ನು ಕಾಯದೆ ಬರ್ಡ್‌ನ ರಚನೆಯೊಂದನ್ನು ಇಂದೇ ಕಲಿಯಲು ಶುರುಮಾಡಬಹುದು. ಇದು ನೊವೆಲ್ಲೊ ಮಾಡಿದ ಕೆಲಸದ ನೇರ ಮುಂದುವರಿಕೆ. ತಕರಾರು ಇರುವುದು ಗುಣಮಟ್ಟದಲ್ಲಿ. ಕೆಲವು ಪ್ರತಿಗಳಲ್ಲಿ ಶ್ರುತಿ ಏರಿಸಿದ್ದನ್ನು ಹೇಳಿರುವುದಿಲ್ಲ, ಸಂಪಾದಕ ಸೇರಿಸಿದ ಸ್ವರ ಯಾವುದು, ಮೂಲದ್ದು ಯಾವುದು ಗೊತ್ತಾಗುವುದಿಲ್ಲ. 1920ರ ದಶಕದಲ್ಲಿ ಕಾರ್ನೆಗಿ ಟ್ರಸ್ಟ್‌ನ ನೆರವಿನಿಂದ ಬಂದ 'ಟ್ಯೂಡರ್ ಚರ್ಚ್ ಮ್ಯೂಸಿಕ್'ನ ಹತ್ತು ಸಂಪುಟಗಳ ಹಿಂದೆ ಕಾದಂಬರಿಕಾರ್ತಿ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಸೇರಿದಂತೆ ಹಲವರ ವರ್ಷಗಟ್ಟಲೆಯ ದುಡಿಮೆ ಇತ್ತು. ಆ ಶ್ರದ್ಧೆಯನ್ನು ಉಚಿತ ಪ್ರತಿಗಳಿಂದಲೂ ನಿರೀಕ್ಷಿಸುವುದು ತಪ್ಪಲ್ಲ.

ಹಕ್ಕಿನ ಪ್ರಶ್ನೆಯಲ್ಲಿ ಗೊಂದಲ ಬೇಡ. ಬ್ರಿಟನ್ನಿನಲ್ಲಿ ರಚನಕಾರ ತೀರಿಕೊಂಡ ಮೇಲೂ 70 ವರ್ಷ ಹಕ್ಕು ಉಳಿಯುತ್ತದೆ. 1918ರಲ್ಲಿ ತೀರಿಕೊಂಡ ಪ್ಯಾರಿ, 1924ರಲ್ಲಿ ತೀರಿಕೊಂಡ ಸ್ಟ್ಯಾನ್‌ಫರ್ಡ್, 1934ರಲ್ಲಿ ತೀರಿಕೊಂಡ ಎಲ್ಗರ್ ಮತ್ತು ಹೋಲ್ಸ್ಟ್ ಈಗ ಎಲ್ಲರ ಸ್ವತ್ತು. 1958ರಲ್ಲಿ ತೀರಿಕೊಂಡ ವಾನ್ ವಿಲಿಯಮ್ಸ್‌ಗಾಗಿ 2029ರವರೆಗೆ ಕಾಯಬೇಕು. ಬದುಕಿರುವ ರಚನಕಾರರ ಹಾಡನ್ನು ಒಂದೇ ಪ್ರತಿ ಕೊಂಡು ನಲವತ್ತು ಜೆರಾಕ್ಸ್ ಹೊಡೆಸುವುದು ಹಂಚಿಕೆಯಲ್ಲ, ಮುಂದಿನ ಹಾಡನ್ನು ಬರೆಯಬೇಕಾದವರ ಊಟ ಕಸಿಯುವುದು.

ಒಟ್ಟಿನಲ್ಲಿ ಬ್ರಿಟನ್ನಿನ ವೃಂದಗಾನ ಜಗತ್ತಿಗೆ ಕೊಟ್ಟ ದೊಡ್ಡ ಕೊಡುಗೆ, ನಾಲ್ಕೂ ದನಿಗಳನ್ನು ಎಲ್ಲರಿಗೂ ಕಾಣಿಸುವ ಅಗ್ಗದ ಸ್ಕೋರ್. ಹಳೆಯದನ್ನು ಧಾರಾಳವಾಗಿ ಹಂಚಿ, ಹಂಚುವ ಮುನ್ನ ತಿದ್ದಿ. ಹೊಸದಕ್ಕೆ ಹಣ ಕೊಡಿ. ಹಾಡಲು ನಿಂತಾಗ ನಿಮ್ಮ ಸಾಲಿನ ಜೊತೆಗೆ ಮೇಲಿನ, ಕೆಳಗಿನ ಸಾಲುಗಳ ಮೇಲೂ ಕಣ್ಣಾಡಿಸಿ.