‘ಲಾಯ್ಕಾಯಿತು’ ಎಂಬ ತೀರ್ಪು

ಕಾಸರಗೋಡು ಸೀಮೆಯಲ್ಲಿ ಹಾಡಿ ಮುಗಿಸಿದವನಿಗೆ ಸಿಗುವ ವಿಮರ್ಶೆ ಒಂದೇ ಮಾತಿನದು. ಹವ್ಯಕರ ಮನೆಯಲ್ಲಾದರೆ ‘ಲಾಯ್ಕಾಯಿದು’, ತುಳುವರಲ್ಲಿ ‘ಎಡ್ಡೆ ಆಂಡ್’, ಮಲಯಾಳಿ ಗೆಳೆಯರಲ್ಲಿ ‘ನನ್ನಾಯಿ’, ವೇದಿಕೆಯ ಮೇಲಿನ ಅಧ್ಯಕ್ಷರ ಬಾಯಲ್ಲಿ ‘ಸುಶ್ರಾವ್ಯವಾಗಿ ಹಾಡಿದರು’. ಇಷ್ಟು ಭಾಷೆಗಳ ಸಿರಿವಂತಿಕೆ ಇದ್ದೂ ಹಾಡಿದವನಿಗೆ ತನ್ನ ಕಂಠದ ಬಗ್ಗೆ ತಿಳಿಯುವುದು ಏನೂ ಇಲ್ಲ. ಒಂದು ಕವನ ಸಂಕಲನ ಬಂದರೆ ನಾವು ಅದರ ಪ್ರತಿಮೆ ಸವಕಲು, ಲಯ ಕುಂಟುತ್ತದೆ ಎಂದು ಅಂಜದೆ ಬರೆಯುತ್ತೇವೆ. ಬರೆಸಿಕೊಂಡವರು ನಾಲ್ಕು ದಿನ ಮುಖ ತಿರುಗಿಸಿದರೂ ಐದನೆಯ ದಿನ ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಹವ್ಯಾಸಿ ಗಾಯಕನಿಗೆ ಮಾತ್ರ ಈ ಮರ್ಯಾದೆ ಇಲ್ಲ. ಅವನ ಹಾಡನ್ನು ವಿಮರ್ಶೆಗೆ ಯೋಗ್ಯವಾದ ಕೃತಿ ಎಂದು ನಾವು ಎಣಿಸಿಯೇ ಇಲ್ಲ.

ನಾನು ಸಂಗೀತ ವಿದ್ವಾಂಸನಲ್ಲ. ಊರ ಭಜನಾ ಮಂದಿರದಲ್ಲಿ ವಾರಕ್ಕೊಮ್ಮೆ ಹಾಡುವವನು. ವರ್ಷಕ್ಕೆ ಮೂರು ನಾಲ್ಕು ಸಲ ಶಾಲಾ ಸ್ಪರ್ಧೆಗಳಲ್ಲಿ ತೀರ್ಪುಗಾರನ ಕುರ್ಚಿಯಲ್ಲಿ ಕೂರುವವನು. ‘ನನ್ನ ಸ್ವರ ಹೇಗಿದೆ?’ ಎಂದು ಕೇಳುವ ಸಂಕೋಚವೂ, ಕೇಳಿದವರಿಗೆ ಉತ್ತರಿಸುವ ಸಂಕಟವೂ ನನಗೆ ಪರಿಚಿತ. ಆ ಬಲದಲ್ಲಿ ಈ ಬರಹ.

ನಮ್ಮ ಹೊಗಳಿಕೆಯ ಹಿಂದೆ ಸೌಜನ್ಯ ಮಾತ್ರ ಇದ್ದಿದ್ದರೆ ಅದನ್ನು ದೂರಬೇಕಾಗಿರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಲ್ಲಿ ಒಂದು ರಿಯಾಯಿತಿಯ ಲೆಕ್ಕ ಬೆಳೆದಿದೆ. ಇಲ್ಲಿ ಕನ್ನಡದಲ್ಲಿ ಬರೆದರೆ ಅದೇ ದೊಡ್ಡದು, ನಾಟಕ ಆಡಿದರೆ ಅದೇ ಸೇವೆ, ಭಾವಗೀತೆ ಹಾಡಿದರೆ ‘ಗಡಿನಾಡಿನಲ್ಲಿ ಕನ್ನಡದ ದೀಪ’. ಹೀಗೆಂದು ಕನ್ನಡದ ಕೆಲಸಕ್ಕೆ ಶಾಲು ಹೊದಿಸುವಾಗ ಹಾಡು ಹೇಗಿತ್ತು ಎಂಬುದು ಬದಿಗೆ ಸರಿಯುತ್ತದೆ. ಅತ್ತ ಬೆಂಗಳೂರಿನಿಂದ ಬಂದ ಅತಿಥಿಗಳೂ ಇದೇ ರಿಯಾಯಿತಿಯನ್ನು ದುಪ್ಪಟ್ಟು ಮಾಡಿ ಕೊಟ್ಟು ಹೋಗುತ್ತಾರೆ. ಕಯ್ಯಾರ ಕಿಞ್ಞಣ್ಣ ರೈಗಳಾಗಲಿ, ಮಂಜೇಶ್ವರದ ಗೋವಿಂದ ಪೈಗಳಾಗಲಿ ಗಡಿನಾಡಿನವರೆಂಬ ರಿಯಾಯಿತಿಯಲ್ಲಿ ಕವಿಗಳಾದವರಲ್ಲ. ಹಾಡುವವರಿಗೆ ಏಕೆ ಆ ರಿಯಾಯಿತಿ? ರಿಯಾಯಿತಿ ಕೊಡುವವನು ಮನಸ್ಸಿನೊಳಗೆ ‘ಇಷ್ಟೇ ಸಾಧ್ಯ’ ಎಂದು ಗೆರೆ ಎಳೆದಿರುತ್ತಾನೆ. ನನಗೆ ಸಿಟ್ಟು ಬರುವುದು ಆ ಗೆರೆಯ ಮೇಲೆ.

ಸತ್ಯ ಹೇಳದ ಸ್ನೇಹಿತರು ಎಷ್ಟು ದೂರ ಕೊಂಡೊಯ್ಯಬಲ್ಲರು ಎಂಬುದಕ್ಕೆ ಅಮೆರಿಕದ ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಎಂಬ ಶ್ರೀಮಂತ ಮಹಿಳೆಯ ಉದಾಹರಣೆ ಇದೆ. ಶ್ರುತಿಯೂ ಲಯವೂ ನಿಲ್ಲದ ಆಕೆ ನ್ಯೂಯಾರ್ಕಿನಲ್ಲಿ ವರ್ಷಗಟ್ಟಲೆ ಆಹ್ವಾನಿತರ ಮುಂದಷ್ಟೇ ಹಾಡಿದರು. ಆಹ್ವಾನಿತರು ಚಪ್ಪಾಳೆ ತಟ್ಟಿದರು. 1944ರ ಅಕ್ಟೋಬರ್ 25ರಂದು ಕಾರ್ನೆಗಿ ಹಾಲಿನಲ್ಲಿ ಟಿಕೆಟು ಇಟ್ಟು ಹಾಡಿದಾಗ ಮೊದಲ ಬಾರಿಗೆ ಪತ್ರಿಕೆಗಳ ವಿಮರ್ಶಕರು ಮುಕ್ತವಾಗಿ ಬಂದರು, ಕಟುವಾಗಿ ಬರೆದರು. ಅದಾಗಿ ಒಂದು ತಿಂಗಳಲ್ಲಿ ಆಕೆ ತೀರಿಕೊಂಡರು. ಆಗ ವಯಸ್ಸು 76. ವಿಮರ್ಶೆಯೇ ಕೊಂದಿತು ಎಂದು ಹೇಳಲಾರೆ. ಆದರೆ ಒಂದು ಆಯುಷ್ಯಕ್ಕಾಗುವಷ್ಟು ಸತ್ಯವನ್ನು ಒಂದೇ ಬೆಳಿಗ್ಗೆ ಕುಡಿಸಿದ ಹಾಗಾಯಿತು.

ಹಾಡನ್ನು ಕುರಿತು ಹೇಳಲು ನಮ್ಮಲ್ಲಿ ಶಬ್ದಗಳಿಲ್ಲ ಎಂದು ಯಾರೂ ನೆಪ ಹೇಳುವ ಹಾಗಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಹಾಡುಗಾರರ 25 ದೋಷಗಳನ್ನು ಹೆಸರಿಟ್ಟು ಪಟ್ಟಿ ಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಹೆದರಿ ಹಾಡುವವನು ಭೀತ. ಕಾಗೆಯ ಕಂಠದವನು ಕಾಕೀ. ಒಂಟೆಯ ಹಾಗೆ ಕತ್ತು ನೀಡುವವನು ಕರಭ. ಕತ್ತು ಮುಖಗಳ ನರ ಉಬ್ಬಿಸಿಕೊಳ್ಳುವವನು ಝೋಂಬಕ, ಕೆನ್ನೆಯನ್ನು ಸೋರೆಬುರುಡೆ ಮಾಡುವವನು ತುಂಬಕೀ, ಕಣ್ಣು ಮುಚ್ಚಿಕೊಂಡೇ ಹಾಡುವವನು ವಿನಿಮೀಲಕ, ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಅಕ್ಷರ ಸ್ಪಷ್ಟವಿಲ್ಲದವನು ಅವ್ಯಕ್ತ. ನಮ್ಮ ಮಂದಿರಗಳಲ್ಲಿ ಶನಿವಾರ ಸಂಜೆ ಕುಳಿತರೆ ಇವರಲ್ಲಿ ಹತ್ತು ಮಂದಿಯಾದರೂ ಕಾಣಸಿಗುತ್ತಾರೆ! ಆದರೆ ನಾನು ಮೆಚ್ಚುವುದು ಈ ಪಟ್ಟಿಯ ಹಾಸ್ಯವನ್ನಲ್ಲ, ಅದರ ವಿವೇಕವನ್ನು. ಇವುಗಳಲ್ಲಿ ಹೆಚ್ಚಿನವು ತಿದ್ದಿಕೊಳ್ಳಬಹುದಾದ ಅಭ್ಯಾಸಗಳು. ಹುಟ್ಟಿನಿಂದ ಬರುವ ಕಂಠದ ಗುಣಕ್ಕೆ ಶಾರ್ಙ್ಗದೇವ ‘ಶಾರೀರ’ ಎಂಬ ಬೇರೆಯೇ ಮಾತನ್ನಿಟ್ಟು ಅದನ್ನು ಪ್ರತ್ಯೇಕವಾಗಿ ಚರ್ಚಿಸುತ್ತಾನೆ. ‘ನಿನ್ನ ಸ್ವರ ಚೆನ್ನಾಗಿಲ್ಲ’ ಎಂಬ ನಮ್ಮ ಒರಟು ಮಾತು ಈ ಎರಡನ್ನೂ ಕಲಸಿಬಿಡುತ್ತದೆ. ಕೇಳಿದವನು ತಿದ್ದಬಹುದಾದ್ದನ್ನೂ ಹಣೆಬರಹವೆಂದುಕೊಂಡು ಬಾಯಿ ಮುಚ್ಚುತ್ತಾನೆ.

ಇನ್ನು ‘ಇಂಪಾದ ಸ್ವರ’ ಎಂಬ ನಮ್ಮ ಅಳತೆಗೋಲಿನ ಮಾತು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರನ್ನು ನೆನೆಯಿರಿ. ಭಾವಗೀತೆಯ ಸ್ಪರ್ಧೆಗೆ ನಿಲ್ಲಿಸಿದ್ದರೆ ಅವರ ಆ ಏರುಶ್ರುತಿಯ ಗಡಸು ಕಂಠಕ್ಕೆ ಇಂಪಿನ ಅಂಕಣದಲ್ಲಿ ಎಷ್ಟು ಅಂಕ ಬರುತ್ತಿತ್ತೋ! ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಚಾಪೆಗೆ ಪದ ಮುಟ್ಟಿಸಬೇಕಾಗಿದ್ದ ಅಜ್ಜನ ಪರಂಪರೆ ಅದು. ತೆಂಕುತಿಟ್ಟಿನಲ್ಲಿ ‘ಬಲಿಪ ಶೈಲಿ’ ಎಂದೇ ಹೆಸರಾಯಿತು. ಆ ಕಂಠ ಆ ಕೆಲಸಕ್ಕೆ ಹೊಂದಿತ್ತು, ಹೊಂದಿದ್ದರಿಂದಲೇ ಚೆಲುವಾಯಿತು. ಹಾಗಾಗಿ ಸ್ವರ ಚೆನ್ನಾಗಿದೆಯೇ ಎಂದು ಕೇಳುವವರು ಯಾವುದಕ್ಕೆ ಎಂಬುದನ್ನೂ ಸೇರಿಸಿ ಕೇಳಬೇಕು. ಜೋಗುಳಕ್ಕೆ ಒದಗುವ ಕಂಠ ಯುದ್ಧದ ಪದಕ್ಕೆ ಒದಗದಿದ್ದರೆ ಅದು ಕಂಠದ ದೋಷವಲ್ಲ.

ನಮ್ಮ ಸ್ವರವನ್ನು ನಾವೇ ಕೇಳಿ ತೀರ್ಮಾನಿಸಿದರಾಗದೇ ಎಂದರೆ, ಅದಕ್ಕೆ ನಮ್ಮ ತಲೆಬುರುಡೆಯೇ ಅಡ್ಡಿ. ಹಾಡುವಾಗ ನಮ್ಮ ಸ್ವರ ಗಾಳಿಯಿಂದ ಕಿವಿಗೆ ಬರುವುದಲ್ಲದೆ ಎಲುಬಿನ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ. ಆ ಎರಡನೆಯ ದಾರಿ ತಗ್ಗಿನ ನಾದವನ್ನು ಹೆಚ್ಚಿಸಿ ಕೊಡುತ್ತದೆ. ಕಿವಿಯ ಕುರಿತ ಸಂಶೋಧನೆಗೆ 1961ರಲ್ಲಿ ನೊಬೆಲ್ ಪಡೆದ ಬೇಕೇಸಿ 1949ರಲ್ಲೇ ಇದನ್ನು ಕುರಿತು ಪ್ರಬಂಧ ಬರೆದಿದ್ದ. ಧ್ವನಿಮುದ್ರಣದಲ್ಲಿ ನಮ್ಮ ಸ್ವರ ತೆಳುವಾಗಿ, ಯಾರದೋ ಎಂಬಂತೆ ಕೇಳಿ ಬೆಚ್ಚಿಬೀಳುವುದು ಇದರಿಂದಾಗಿ. ಆ ಬೆಚ್ಚನ್ನು ದೋಷವೆಂದು ತಿಳಿಯಬೇಕಾಗಿಲ್ಲ. ಹತ್ತು ಸಲ ಕೇಳಿದರೆ ಅಭ್ಯಾಸವಾಗುತ್ತದೆ. ಬೆಚ್ಚು ಇಳಿದ ಮೇಲೆ ಉಳಿಯುವ ತಕರಾರುಗಳು ಮಾತ್ರ ಲೆಕ್ಕಕ್ಕೆ. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಮಂದಿರದ ಮೈಕಿನವ ಎಕೋ ತಿರುಗಿಸಿಟ್ಟರೆ ಯಾರ ಸ್ವರವೂ ಗುಹೆಯೊಳಗಿನ ಗಂಧರ್ವನದೇ. ಕರೋಕೆಯ ಆಪುಗಳು ಈಗ ಅದನ್ನೇ ಜೇಬಿಗೆ ತಂದಿವೆ: ಸ್ವರವನ್ನು ತಾವೇ ತಿದ್ದಿ, ತಾವೇ ಅಂಕ ಕೊಟ್ಟು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರಗಳನ್ನೂ ಕೊಡಿಸುತ್ತವೆ.

ಆಕಾಶವಾಣಿಯ ಧ್ವನಿಪರೀಕ್ಷೆಯ ಮೇಲೆ ನನಗೆ ಗೌರವ ಇರುವುದು ಈ ಕಾರಣಕ್ಕೆ. 1952ರಿಂದ 1962ರವರೆಗೆ ಮಂತ್ರಿಯಾಗಿದ್ದ ಬಿ. ವಿ. ಕೇಸ್ಕರರ ಕಾಲದಲ್ಲಿ ಅದನ್ನು ಬಿಗಿಯಾಗಿ ಜಾರಿಗೆ ತಂದಾಗ ದೊಡ್ಡ ದೊಡ್ಡ ಕಲಾವಿದರೇ ಸಿಡಿದೆದ್ದರು. ಅವರ ಸಿಟ್ಟಿಗೂ ಕಾರಣಗಳಿದ್ದವು. ಆದರೆ ಹೆಸರು ತಿಳಿಯದೆ, ಧ್ವನಿಮುದ್ರಣವನ್ನಷ್ಟೇ ಆಲಿಸಿ ಶ್ರೇಣಿ ಕೊಡುವ ಕ್ರಮದಲ್ಲಿ ಒಂದು ನ್ಯಾಯ ಇದೆ. ನಮ್ಮ ಊರಿನಲ್ಲಿ ಹೆಸರು ಗೊತ್ತಾದ ಕೂಡಲೇ ಮನೆತನ, ಜಾತಿ, ತಂದೆಯ ಉದ್ಯೋಗ, ಮುಂದಿನ ತಿಂಗಳ ಮದುವೆಯ ಆಮಂತ್ರಣ ಎಲ್ಲವೂ ಕಿವಿಯೊಳಗೆ ಬಂದು ಕೂರುತ್ತವೆ.

ಆ ಕ್ರಮವನ್ನು ನಾನೂ ಸಣ್ಣದಾಗಿ ಅನುಸರಿಸಿ ನೋಡಿದ್ದೇನೆ. ಶ್ರುತಿಪೆಟ್ಟಿಗೆ ಬಿಟ್ಟರೆ ಬೇರೆ ಪಕ್ಕವಾದ್ಯವಿಲ್ಲದೆ, ಎಕೋ ಇಲ್ಲದೆ, ಒಂದೇ ಹಾಡನ್ನು ಮೊಬೈಲಿನಲ್ಲಿ ಹಾಡಿ, ಹಾಡಿದ್ದು ಯಾರೆಂದು ಹೇಳದೆ ಮೂವರಿಗೆ ಬೇರೆಯವರ ಕೈಯಿಂದ ಕೇಳಿಸಿದೆ. ನನ್ನ ಸೋದರಮಾವ, ಭಜನೆಯಲ್ಲಿ ಮೂವತ್ತು ವರ್ಷ ಪಳಗಿದವರು, ‘ಯಾರಪ್ಪಾ ಇದು, ಉಸಿರು ಸಾಲುವುದಿಲ್ಲ, ಸಾಲಿನ ಕೊನೆ ನುಂಗುತ್ತಾನೆ’ ಎಂದರು. ಇದೇ ಮಾವ ನನ್ನೆದುರು ಇಷ್ಟು ವರ್ಷ ‘ಲಾಯ್ಕಾಯಿದು’ ಬಿಟ್ಟು ಇನ್ನೊಂದು ಮಾತು ಆಡಿದವರಲ್ಲ. ಕಚೇರಿಯ ಮಲಯಾಳಿ ಸಹೋದ್ಯೋಗಿಗೆ ಸಾಹಿತ್ಯ ಅರ್ಥವಾಗದ್ದರಿಂದ ಸ್ವರ ಮಾತ್ರ ಕೇಳಿತು. ಶ್ರುತಿ ಕೆಳಗೆ ನಿಲ್ಲುತ್ತದೆ, ಮೇಲೆ ಹೋದಾಗ ಸ್ವಲ್ಪ ಜಾರುತ್ತದೆ ಎಂದ. ಮೂರನೆಯವರು ನಿವೃತ್ತ ಸಂಗೀತ ಅಧ್ಯಾಪಿಕೆ. ಅವರು ಎರಡು ಸಲ ಕೇಳಿ, ‘ಹಾಡಿದವರ ಶಾರೀರ ಒಂದು ಮನೆಯದು, ಹಾಡುತ್ತಿರುವುದು ಕಪ್ಪು ಎರಡರಲ್ಲಿ. ಬಿಳಿ ಒಂದಕ್ಕೆ ಇಳಿಸಿ ಹಾಡಲಿ, ಆಮೇಲೆ ಮಾತಾಡೋಣ’ ಎಂದು ಹೇಳಿ ಕಳಿಸಿದರು. ಗುಂಪಿನಲ್ಲಿ ಹಾಡಲೆಂದು ಮಂದಿರದ ಹಾರ್ಮೋನಿಯಂ ಹಿಡಿದುಕೊಂಡ ಶ್ರುತಿ ಅದು. ಗುಂಪಿನಲ್ಲಿರುವ ಒಬ್ಬೊಬ್ಬರಿಗೆ ಒಪ್ಪಬೇಕೆಂದೇನೂ ಇಲ್ಲ. ಮಾವ ಕಂಡ ಉಸಿರಿನ ತೊಂದರೆ, ಸಹೋದ್ಯೋಗಿ ಕಂಡ ಜಾರಾಟ ಎರಡಕ್ಕೂ ಕಾರಣ ಆಕೆಯ ಒಂದು ವಾಕ್ಯದಲ್ಲಿತ್ತು. ಕೇಳುಗರಿಗೆ ರೋಗದ ಲಕ್ಷಣ ಗೊತ್ತಾಗುತ್ತದೆ, ಮೂಲ ಗೊತ್ತಾಗುವುದು ಕಲಿಸಿದವರಿಗೆ.

ಮಕ್ಕಳ ವಿಷಯದಲ್ಲಿ ನಾವು ಇಷ್ಟು ತಾಳ್ಮೆಯಿಂದ ಇಲ್ಲ. 1957ರಲ್ಲಿ ಆರಂಭವಾದ ಕೇರಳದ ಶಾಲಾ ಕಲೋತ್ಸವ ನಿಜಕ್ಕೂ ದೊಡ್ಡ ಸಂಸ್ಥೆ. 1991ರಲ್ಲಿ ಕಾಸರಗೋಡಿಗೂ 2019ರಲ್ಲಿ ಕಾಞಂಗಾಡಿಗೂ ಬಂದಿತ್ತು. ಅದರಲ್ಲಿ ಯಕ್ಷಗಾನಕ್ಕೆ, ಕನ್ನಡ ಪದ್ಯ ಹೇಳುವುದಕ್ಕೆ ಜಾಗ ಇರುವುದು ನಮ್ಮ ಮಕ್ಕಳ ಭಾಗ್ಯ. ಆದರೆ ಮಗುವಿನ ಕೈಗೆ ಬರುವುದು ‘ಎ’ ಅಥವಾ ‘ಬಿ’ ಎಂಬ ಒಂದು ಅಕ್ಷರ. ಗ್ರೇಸ್ ಮಾರ್ಕಿನ ಲೆಕ್ಕ ಹಿಡಿದ ಹೆತ್ತವರು ಆ ಅಕ್ಷರದ ವಿರುದ್ಧ ಶುಲ್ಕ ಕಟ್ಟಿ ಅಪೀಲು ಹೋಗುತ್ತಾರೆ. ಅಕ್ಷರದ ಹಿಂದಿನ ಕಾರಣವನ್ನು ಕೇಳುವವರು ಕಡಿಮೆ. ಒಂದು ಸ್ಪರ್ಧೆ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಬಂದು ‘ಸರ್, ನಾನು ಎಲ್ಲಿ ತಪ್ಪಿದೆ?’ ಎಂದಳು. ‘ಎರಡನೆಯ ಚರಣದಲ್ಲಿ ಲಯ ಓಡಿತು, ಅನುಪಲ್ಲವಿ ಬಹಳ ಸೊಗಸಾಗಿತ್ತು’ ಎಂದೆ. ಜೊತೆಗಿದ್ದ ತಾಯಿ ‘ಮಗುವಿನ ಮನಸ್ಸು ನೋಯಿಸಬೇಡಿ’ ಎಂದು ಕೈಹಿಡಿದು ಎಳೆದುಕೊಂಡು ಹೋದರು. ಹುಡುಗಿ ಹೋಗುತ್ತಾ ತಿರುಗಿ, ಬೆರಳಿನಲ್ಲಿ ತಾಳ ಎಣಿಸುತ್ತಿದ್ದಳು.

ಸೋತವರ ಸಮಾಧಾನಕ್ಕೆಂದು ನಮ್ಮಲ್ಲಿ ಯೇಸುದಾಸರ ಕತೆ ಹೇಳುವ ರೂಢಿ ಇದೆ: ಅವರನ್ನೂ ರೇಡಿಯೋದವರು ಒಮ್ಮೆ ಬೇಡವೆಂದಿದ್ದರಂತೆ. ಇರಬಹುದು. ಕತೆ ಹೇಳುವವರು ಬಿಟ್ಟುಬಿಡುವ ಸಂಗತಿ ಬೇರೆ ಇದೆ. 1961ರ ನವೆಂಬರ್ 14ರಂದು ಮೊದಲ ಸಿನಿಮಾ ಹಾಡಿಗೆ ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಅವರು ತಂದೆಯಿಂದಲೂ ತೃಪ್ಪೂಣಿತ್ತುರದ ಸಂಗೀತ ಶಾಲೆಯಿಂದಲೂ ವರ್ಷಗಟ್ಟಲೆ ತಿದ್ದಿಸಿಕೊಂಡಿದ್ದರು.

ಎರಡು ಭಾಷೆಯ ಈ ವಾರ್ಷಿಕದ ಓದುಗರಿಗೆ ಇನ್ನೊಂದು ಮಾತು. ನಾವು ಪರಸ್ಪರರ ಉಚ್ಚಾರದ ಬಗ್ಗೆ ಬಾಯಿ ಬಿಡುವುದಿಲ್ಲ. ಮಲಯಾಳಿ ಗೆಳೆಯ ಕನ್ನಡ ಹಾಡು ಹಾಡುವಾಗ ‘ಗಂಧ’ ‘ಗೆಂಧ’ವಾಗುತ್ತದೆ, ‘ದಯೆ’ ‘ದೆಯೆ’ಯಾಗುತ್ತದೆ, ನಾವು ಅವನ ಪ್ರೀತಿಗೆ ಮೆಚ್ಚಿ ಸುಮ್ಮನಿರುತ್ತೇವೆ. ನಾವು ಮಲಯಾಳ ಹಾಡುವಾಗ ‘ಮೞ’ ‘ಮಳ’ವಾಗಿ, ‘ಪುೞ’ ‘ಪುಳ’ವಾಗಿ ಹರಿಯುತ್ತದೆ, ಅವರೂ ಸುಮ್ಮನಿರುತ್ತಾರೆ. ಹಳಗನ್ನಡದಲ್ಲಿದ್ದು ಕನ್ನಡ ಕೈಬಿಟ್ಟ ೞ ಮತ್ತು ಱ ಎರಡನ್ನೂ ಮಲಯಾಳ ಜೋಪಾನವಾಗಿ ಇಟ್ಟುಕೊಂಡಿದೆ. ಅದನ್ನು ಅವರಿಂದ ಕೇಳಿ ನಾಲಿಗೆಗೆ ಹತ್ತಿಸಿಕೊಂಡರೆ ಪಂಪನನ್ನು ಓದುವಾಗಲೂ ನಮಗೇ ಉಪಕಾರ. ನನ್ನ ಸಹೋದ್ಯೋಗಿ ಈಗ ಊಟದ ಹೊತ್ತಿನಲ್ಲಿ ನನ್ನಿಂದ ‘ಮೞ’ ಹೇಳಿಸುತ್ತಾನೆ, ನಾನು ಅವನಿಂದ ‘ಗಂಧ’ ಹೇಳಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ವಿನಾಯಿತಿ. ಏಕಾಹ ಭಜನೆಯ ರಾತ್ರಿ ಎರಡು ಗಂಟೆಗೆ, ಹಲ್ಲಿಲ್ಲದ ಅಜ್ಜಿಯೊಬ್ಬರು ತಾಳ ಹಿಡಿದು ತಮ್ಮದೇ ಶ್ರುತಿಯಲ್ಲಿ ಹಾಡುವಾಗ ಅಲ್ಲಿ ವಿಮರ್ಶಕನಿಗೆ ಕೆಲಸವಿಲ್ಲ. ಅವರು ನಮ್ಮನ್ನು ಕೇಳಿಲ್ಲ. ನಮಗಾಗಿ ಹಾಡುತ್ತಲೂ ಇಲ್ಲ. ಕೇಳಿದವರಿಗೆ ಹೇಳದಿರುವುದೂ ಕೇಳದವರಿಗೆ ಹೇಳುವುದೂ ಒಂದೇ ಬಗೆಯ ಅಸಡ್ಡೆ. ಆ ಹೊತ್ತಿಗೆ ಮಾಡಬೇಕಾದ್ದು ಹಾರ್ಮೋನಿಯಂ ನಿಲ್ಲಿಸಿ, ಅವರ ಹಿಂದೆ ಸೊಲ್ಲು ಹೇಳುವುದು.