ಅಧಿಕೊತ್ತಡದ ಆಮ್ಲಜನಕ ಚಿಕಿತ್ಸೆ: ಎರಡು ಪರೀಕ್ಷೆಗಳ ವಿಮರ್ಶೆ

ಇಂಗಾಲದ ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ. ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆಯಿಂದಾಗಲಿ ಗಾಳಿಯಾಡದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದಾಗಲಿ ಹೊರಟ ಈ ಅನಿಲವು ಮನುಷ್ಯನನ್ನು ಅವನಿಗರಿವಿಲ್ಲದಂತೆಯೇ ಕೆಡಹುತ್ತದೆ. ಅಂಥವನನ್ನು ಒತ್ತಡದ ಕೋಷ್ಠದಲ್ಲಿರಿಸಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವ ಪದ್ಧತಿಯು 1960ರಲ್ಲಿ ಗ್ಲಾಸ್ಗೋದ ಸ್ಮಿತ್ ಮತ್ತು ಷಾರ್ಪ್ ಅವರ ವರದಿಯಿಂದ ವೈದ್ಯಲೋಕದ ಗಮನವನ್ನು ಸೆಳೆಯಿತು. ಮುಖವಾಡದ ಮೂಲಕ ಕೊಡುವ ಸಾಮಾನ್ಯ ಒತ್ತಡದ ಆಮ್ಲಜನಕಕ್ಕಿಂತ ಇದು ಮೇಲೆಂಬುದು ಸಿದ್ಧವಾಗಿದೆಯೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಚಿಕಿತ್ಸೆಯ ತಾತ್ತ್ವಿಕ ಆಧಾರ ಬಹು ಆಕರ್ಷಕವಾದುದು. ಮಾನಾಕ್ಸೈಡಿಗೆ ಹಿಮೊಗ್ಲೋಬಿನ್ನಿನ ಮೇಲಿರುವ ಒಲವು ಆಮ್ಲಜನಕದ ಒಲವಿಗಿಂತ ಇನ್ನೂರು ಪಟ್ಟಿಗೂ ಮಿಕ್ಕದ್ದು. ಆದರೂ 1895ರಲ್ಲಿ ಜೆ. ಎಸ್. ಹಾಲ್ಡೇನ್ ಎರಡು ವಾಯುಭಾರದ ಆಮ್ಲಜನಕದಲ್ಲಿಟ್ಟ ಇಲಿಗಳು, ಹಿಮೊಗ್ಲೋಬಿನ್ ನಿಷ್ಪ್ರಯೋಜಕವಾಗುವಷ್ಟು ಮಾನಾಕ್ಸೈಡಿದ್ದರೂ ಬದುಕಿದುವು. ರಕ್ತದ್ರವದಲ್ಲಿ ಕರಗಿದ ಆಮ್ಲಜನಕವೇ ಅವುಗಳಿಗೆ ಸಾಕಾಯಿತು. ರಕ್ತದಲ್ಲಿನ ವಿಷವು ಅರ್ಧಕ್ಕಿಳಿಯಲು ಸಾಮಾನ್ಯ ಗಾಳಿಯಲ್ಲಿ ಸುಮಾರು 320 ನಿಮಿಷ, ಶುದ್ಧ ಆಮ್ಲಜನಕದಲ್ಲಿ ಸುಮಾರು 80, ಮೂರು ವಾಯುಭಾರದಲ್ಲಿ ಸುಮಾರು 23 ನಿಮಿಷ ಬೇಕು.

ಆದರೆ ಹಾಲ್ಡೇನನ ಇಲಿ ವಿಷದ ನಡುವೆಯೇ ಒತ್ತಡದಲ್ಲಿತ್ತು. ನಮ್ಮ ರೋಗಿಯಾದರೋ ಗಂಟೆಗಳ ಮೇಲೆ ಕೋಷ್ಠವನ್ನು ಸೇರುತ್ತಾನೆ. ದಾರಿಯಲ್ಲಿ ಅವನಿಗೆ ಆಮ್ಲಜನಕ ದೊರೆತಿದ್ದರೆ ವಿಷದ ಬಹುಭಾಗ ಅಷ್ಟರಲ್ಲೇ ಹೊರಬಿದ್ದಿರುತ್ತದೆ. ಈ ಅಂತರವನ್ನು ಕಂಡವರು ಬಳಿಕ ವಾದದ ನೆಲೆಯನ್ನೇ ಬದಲಾಯಿಸಿದರು: ಒತ್ತಡವು ವಿಷವನ್ನು ಹೊರದೂಡುವುದಕ್ಕಷ್ಟೇ ಅಲ್ಲ, ಮಿದುಳಿನ ರಕ್ತನಾಳಗಳಿಗೆ ಬಿಳಿಕಣಗಳು ಅಂಟಿಕೊಂಡು ಹಾನಿಮಾಡುವುದನ್ನು ತಡೆಯುವುದಕ್ಕೂ ಎಂದರು. ಇಲಿಗಳಲ್ಲಿ ಇದಕ್ಕೆ ಸಾಕ್ಷ್ಯವುಂಟು. ಆದರೆ ಹಳೆಯ ಸಮರ್ಥನೆ ಕುಸಿದಲ್ಲಿ ಹೊಸದನ್ನು ನಿಲ್ಲಿಸುವಾಗ, ಕುಸಿತವನ್ನು ಒಪ್ಪಿಕೊಂಡು ಹೇಳುವುದು ವಿಜ್ಞಾನದ ಶಿಷ್ಟಾಚಾರ. ಅದು ಇಲ್ಲಿ ಅಷ್ಟಾಗಿ ಪಾಲಿತವಾಗಿಲ್ಲ.

ಇನ್ನು ಮನುಷ್ಯರ ಮೇಲಿನ ಪರೀಕ್ಷೆಗಳು. ಮೆಲ್ಬರ್ನಿನ ಷೈಂಕೆಸ್ಟೆಲ್ ಮತ್ತು ಸಂಗಡಿಗರು 1999ರಲ್ಲಿ 191 ರೋಗಿಗಳ ಫಲವನ್ನು ಪ್ರಕಟಿಸಿ, ಒತ್ತಡದಿಂದ ಪ್ರಯೋಜನ ಕಾಣಲಿಲ್ಲವೆಂದರು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ವೀವರ್ ಮತ್ತು ಸಂಗಡಿಗರು 152 ರೋಗಿಗಳನ್ನು ಪರೀಕ್ಷಿಸಿ, ಆರು ವಾರಗಳ ಬಳಿಕ ಬುದ್ಧಿಶಕ್ತಿಯ ಕೊರತೆ ಒತ್ತಡ ಪಡೆದವರಲ್ಲಿ ನೂರಕ್ಕೆ 25, ಪಡೆಯದವರಲ್ಲಿ 46 ಎಂದು ವರದಿಮಾಡಿದರು. ಓದುಗರು ತಮ್ಮ ತಮ್ಮ ಪಕ್ಷಕ್ಕನುಸಾರವಾಗಿ ಒಂದನ್ನು ಹಿಡಿದು ಮತ್ತೊಂದನ್ನು ತಳ್ಳಿದ್ದಾರೆ. ಎರಡೂ ಅಪೂರ್ಣ. ಮೆಲ್ಬರ್ನಿನಲ್ಲಿ ತಿಂಗಳ ಕೊನೆಗೆ ಮರುಪರೀಕ್ಷೆಗೆ ಬಂದವರು ಅರ್ಧಕ್ಕಿಂತ ಕಡಿಮೆ. ಅವರಲ್ಲಿಲ್ಲದವರ ಗತಿ ಏನಾಯಿತೆಂಬುದು ತಿಳಿಯದು. ಅಲ್ಲದೆ ಹೋಲಿಕೆಯ ಗುಂಪಿಗೂ ಮೂರು ದಿನ ಹೆಚ್ಚಿನ ಪ್ರಮಾಣದಲ್ಲಿ ಆಮ್ಲಜನಕ ಕೊಟ್ಟಿದ್ದರು, ಅದು ಬಹುತೇಕ ಆಸ್ಪತ್ರೆಗಳ ರೂಢಿಯಲ್ಲ. ವೀವರರ ಗುಂಪುಗಳು ಆರಂಭದಲ್ಲೇ ಸಮವಾಗಿರಲಿಲ್ಲ: ಚಿಕಿತ್ಸೆಗೆ ಮುನ್ನ ಸಣ್ಣ ಮಿದುಳಿನ ದೋಷ ಒತ್ತಡದ ಗುಂಪಿನಲ್ಲಿ ನೂರಕ್ಕೆ 4, ಇನ್ನೊಂದರಲ್ಲಿ 15 ಇತ್ತು. ಮೇಲಾಗಿ ರೋಗಿ ನೆನಪಿನ ತೊಂದರೆಯನ್ನು ಹೇಳಿಕೊಂಡರೆ ಕೊರತೆಯ ಅಳತೆಗೋಲೇ ಸಡಿಲವಾಗುತ್ತಿತ್ತು. ಇಷ್ಟಿದ್ದರೂ ವೀವರರ ಪರೀಕ್ಷೆಯಲ್ಲಿ ರೋಗಿಗೂ ಪರೀಕ್ಷಕನಿಗೂ ಗುಂಪು ತಿಳಿಯದಂತೆ ಮಾಡಿದ ಎಚ್ಚರ ಪ್ರಶಂಸನೀಯ. ವ್ಯತ್ಯಾಸ ಒಂದು ವರ್ಷದ ನಂತರವೂ ಉಳಿದುದನ್ನು ನಾನು ಲಘುವಾಗಿ ಎಣಿಸಲಾರೆ.

2011ರ ಕೊಕ್ರೇನ್ ಪರಾಮರ್ಶೆ ಆರು ಪರೀಕ್ಷೆಗಳನ್ನು ಕೂಡಿಸಿ, ಪ್ರಯೋಜನ ಸ್ಥಾಪಿತವಾಗಿಲ್ಲವೆಂದಿತು. ಕೂಡಿಸುವುದರಲ್ಲೇ ಒಂದು ದೋಷವಿದೆ: ಒತ್ತಡದ ಪ್ರಮಾಣ, ಸರದಿಗಳ ಸಂಖ್ಯೆ, ವಿಳಂಬ ಇವು ಒಂದೊಂದರಲ್ಲೂ ಬೇರೆ ಬೇರೆ. ವಿಳಂಬದ ಗಂಟೆಗಳಂತೆ ರೋಗಿಗಳನ್ನು ವಿಂಗಡಿಸಿ ನೋಡದೆ ಈ ವಿವಾದ ಬಗೆಹರಿಯದೆಂದು ನನ್ನ ಅಭಿಪ್ರಾಯ. ಅದೇ ವರ್ಷ ಫ್ರಾನ್ಸಿನ ಅನ್ನಾನ್ ಮತ್ತು ಸಂಗಡಿಗರು, ಮೂರ್ಛೆಯಲ್ಲೇ ಉಳಿದವರಲ್ಲಿ ಒಂದು ಸರದಿ ಪಡೆದವರಿಗಿಂತ ಎರಡು ಪಡೆದವರೇ ಕಡಮೆ ಚೇತರಿಸಿಕೊಂಡರೆಂದು ತೋರಿಸಿದರು. ಒತ್ತಡದ ಪಕ್ಷಪಾತಿಗಳು ಮೊದಲು ಉತ್ತರಿಸಬೇಕಾದುದು ಇದಕ್ಕೆ.