ಕಿಟಕಿಯಿಲ್ಲದ ಗುರಿ

ಕನ್ನಂಬಾಡಿಯ ಬೃಂದಾವನದಲ್ಲಿ ಕಾರಂಜಿಯ ಮೂತಿಯನ್ನು ಹತ್ತಿರದಿಂದ ನೋಡಿ. ಬಾಯಿ ಬಿಟ್ಟ ಜಾಗದಲ್ಲಿ ನೀರು ಗಾಜಿನ ಸರಳಿನ ಹಾಗೆ ಗಟ್ಟಿ. ಆಳೆತ್ತರ ಏರುವಷ್ಟರಲ್ಲಿ ಹನಿಹನಿಯಾಗಿ ಚೆದುರಿಹೋಗುತ್ತದೆ. ನೀರಿನ ಪಾಡೇ ಇದು. ಇನ್ನು ಹೀಲಿಯಂ ಅನಿಲವನ್ನು ನಿರ್ವಾತದೊಳಕ್ಕೆ ಚಿಮ್ಮಿಸಿ, ಅದು ಚೆದುರುವ ಮೊದಲೇ ಅಡ್ಡಲಾಗಿ ಪರಮಾಣು ಬೀಜಗಳನ್ನು ಹಾಯಿಸುತ್ತೇವೆ ಎಂದು ಹೊರಟವರನ್ನು ಏನೆನ್ನೋಣ? ಅಮೆರಿಕದ ಓಕ್ ರಿಜ್‌ನಲ್ಲಿ ಕಟ್ಟಿ, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ‘ಜೆನ್ಸಾ’ ಎಂಬ ಉಪಕರಣ ಮಾಡುವುದು ಇದನ್ನೇ.

ಈ ಹಟಕ್ಕೆ ಕಾರಣವಿದೆ. ನ್ಯೂಟ್ರಾನ್ ನಕ್ಷತ್ರದ ಮೇಲ್ಮೈ ಸ್ಫೋಟಗಳಲ್ಲಿ ಆರ್ಗಾನ್-34ಕ್ಕೆ ಹೀಲಿಯಂ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯನ್ನು ಪ್ರಯೋಗಾಲಯದಲ್ಲಿ ಅಳೆಯಬೇಕು. ಆರ್ಗಾನ್-34ರ ಅರ್ಧಾಯುಷ್ಯ ಒಂದು ಸೆಕೆಂಡೂ ಇಲ್ಲ. ಅದನ್ನು ಗುರಿಯಾಗಿ ಕೂರಿಸುವ ಮಾತೇ ಇಲ್ಲ. ಹಾಗಾಗಿ ಅದು ಓಡಬೇಕು, ಹೀಲಿಯಂ ಕಾಯಬೇಕು. ಯಾವುದರಲ್ಲಿ? ಹೈಡ್ರೋಜನ್ ಬೇಕಿದ್ದರೆ ಒಂದು ತೆಳು ಪಾಲಿಥೀನ್ ಹಾಳೆ ಕಟ್ಟಿ, ಅದರೊಳಗಿನ ಇಂಗಾಲದ ಕಾಟ ಸಹಿಸಿಕೊಂಡರಾಯಿತು. ಹೀಲಿಯಂ ಯಾರೊಂದಿಗೂ ಕೂಡಿ ಬಾಳುವ ಜಾಯಮಾನದ್ದಲ್ಲ. ಡಬ್ಬಿಯಲ್ಲಿ ತುಂಬಿದರೆ ಬೀಮ್, ಅಂದರೆ ಓಡಿಬರುವ ಬೀಜಗಳ ಸಾಲು, ಒಳಹೋಗಲು ತೆಳು ಹಾಳೆಯ ಕಿಟಕಿ ಬೇಕು. ಆ ಕಿಟಕಿಯೇ ಬೀಮಿನ ಶಕ್ತಿ ಕದ್ದು, ತನ್ನ ಗದ್ದಲವನ್ನೂ ಸೇರಿಸುತ್ತದೆ.

ಜೆನ್ಸಾದ ಜೆಟ್ಟಿನ, ಅಂದರೆ ಚಿಮ್ಮುವ ಅನಿಲಧಾರೆಯ, ಹೆಚ್ಚುಗಾರಿಕೆ ಆ ಕಿಟಕಿಯನ್ನು ಕಿತ್ತುಹಾಕಿದ್ದರಲ್ಲಿ. ನಡು ಸಣ್ಣಗಾಗಿ ಮತ್ತೆ ಅಗಲವಾಗುವ ಮೂತಿಯಿಂದ ಅನಿಲ ಶಬ್ದದ ವೇಗ ಮೀರಿ ಹೊರಡುತ್ತದೆ. (ಈ ಮೂತಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್‌ನದು. ಹಾಲಿನಿಂದ ಕೆನೆ ತೆಗೆಯುವ ಯಂತ್ರದಿಂದ ಹೆಸರಾದವನೂ ಅವನೇ, ಮಂಡ್ಯದ ಡೇರಿಯವರಿಗೆ ಹೊರಗಿನವನಲ್ಲ.) ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ ಧಾರೆ, ಚದರ ಸೆಂಟಿಮೀಟರಿಗೆ 10ರ 19ನೇ ಘಾತದಷ್ಟು ಪರಮಾಣುಗಳು. ಲೆಕ್ಕ ಹಾಕಿದರೆ, ನಾವು ಉಸಿರಾಡುವ ಗಾಳಿಯಲ್ಲಿರುವಷ್ಟೇ ಕಣಗಳ ದಟ್ಟಣೆ, ಅದೂ ನಿರ್ವಾತದ ನಟ್ಟನಡುವೆ! ಧಾರೆ ಇಷ್ಟು ಸಣ್ಣದಾದ್ದರಿಂದ ಡಿಕ್ಕಿ ಎಲ್ಲಾಯಿತು ಎಂಬುದೂ ಖಚಿತ, ಸಿಡಿದ ಕಣದ ಕೋನವೂ ಖಚಿತ.

ಹೊಗಳಿಕೆ ಇಲ್ಲಿಗೆ ಸಾಕು. ಧಾರೆಯ ಎದುರಿಗೆ ಬಾಯಿ ತೆರೆದ ಕೊಳವೆ ಅದನ್ನು ಹಿಡಿಯಬೇಕು, ತಪ್ಪಿಸಿಕೊಂಡದ್ದನ್ನು ಸಾಲು ಸಾಲು ಪಂಪುಗಳು ಹೀರಬೇಕು, ಕಂಪ್ರೆಸರುಗಳು ಒತ್ತಿ ಮತ್ತೆ ಮೂತಿಗೆ ಕಳಿಸಬೇಕು. ಅರ್ಧ ಸೆಂಟಿಮೀಟರ್ ಮದುಮಗಳಿಗೆ ಊರಗಲ ದಿಬ್ಬಣ. ಡಿಟೆಕ್ಟರುಗಳನ್ನು ಈ ಕೊಳವೆಗಳ ಸಂದಿಯಲ್ಲೇ ತುರುಕಬೇಕು. ನನಗೆ ಇದಕ್ಕಿಂತ ದೊಡ್ಡ ತಕರಾರು ಬೇರೆಯದು: ಧಾರೆ ದುಂಡಗಿದೆ, ಅಂಚಿನಲ್ಲಿ ತೆಳು. ಬೀಮ್ ಕೊಂಚ ಅಗಲವಾದರೂ ಅಂಚಿನ ಕಣಗಳು ಪುಕ್ಕಟೆ ದಾಟಿಹೋಗುತ್ತವೆ, ಎಣಿಕೆ ಎಡವುತ್ತದೆ. ವಿರಳವಾದ ಬೀಜಗಳ ಬೀಮನ್ನು ಅಷ್ಟು ಸಣ್ಣಗೆ ಹಿಂಡುವುದು ಸುಲಭದ ಕೆಲಸವಲ್ಲ.

ಆದರೂ ಆರ್ಗಾನ್-34 ಹೀಲಿಯಂಗೆ ಬಡಿದು ಪ್ರೋಟಾನ್ ಉಗುಳುವ ಕ್ರಿಯೆಯ ಮೊದಲ ನೇರ ಅಳತೆ 2023ರಲ್ಲಿ ಪ್ರಕಟವಾದದ್ದು ಈ ಜೆಟ್ಟಿನಿಂದಲೇ. ಹೈಡ್ರೋಜನ್ನಿನ ಸಾದಾ ಪ್ರಯೋಗಕ್ಕೆ ಪಾಲಿಥೀನ್ ಹಾಳೆ ಸಾಕು, ಅಲ್ಲಿ ಜೆಟ್ ದುಂದು. ಹೀಲಿಯಂ ಬೇಕಾಗಿ, ಬೀಮೂ ಬಡವಾಗಿದ್ದರೆ ನನ್ನ ಓಟು ಜೆಟ್ಟಿಗೇ.